ಗೇಣಿಗೆ ಮೂರು ಬೆರಳು ಕಡಿಮೆ

ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವ ಡಾಂಬರು ರಸ್ತೆಯನ್ನು ಬಿಟ್ಟು ನಮ್ಮ ಮನೆಯತ್ತ ತಿರುಗಿದರೆ ಮೊದಲು ಎದುರಾಗುವುದು ಒಂದು ಚಡವು. ಮುರಕಲ್ಲಿನ ಗುಡ್ಡೆಯನ್ನು ಕಡಿದು ಮಾಡಿದ ದಾರಿಯದು. ಇನ್ನೂರು ಹೆಜ್ಜೆ ಏರಿದ ಮೇಲೆ ಒಂದು ಕಣಿ ಅಡ್ಡ ಬರುತ್ತದೆ. ಮೇಲಿನ ಸುರಂಗದ ನೀರೂ ಮಳೆಗಾಲದ ಗುಡ್ಡೆಯ ನೀರೂ ಈ ಕಣಿಯಲ್ಲಿಯೇ ಹರಿದು ಕೆಳಗಿನ ಅಡಿಕೆ ತೋಟಕ್ಕೆ ಇಳಿಯುತ್ತವೆ. ಕಣಿಯ ಮೇಲೆ ಅಪ್ಪ ಒಂದು ಕಾಂಕ್ರೀಟು ಚಪ್ಪಡಿ ಹಾಸಿಸಿದ್ದರು. ಅದರ ಬೆನ್ನು ದಾರಿಗಿಂತ ತುಸು ಉಬ್ಬಿಕೊಂಡಿದೆ. ಅದನ್ನು ತಗ್ಗಿಸಿದರೆ ಆಟಿಯ ಮಳೆಗೆ ನೀರು ಉಕ್ಕಿ ದಾರಿಯನ್ನೇ ಕೊಚ್ಚಿಕೊಂಡು ಹೋಗುತ್ತದೆ ಎಂಬುದು ಅಪ್ಪನ ಲೆಕ್ಕ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ನಾಡಿನಲ್ಲಿ ನೀರಿಗೆ ಮೊದಲು ದಾರಿ ಬಿಡಬೇಕು, ಆಮೇಲೆ ನಮಗೆ.

2013ರಲ್ಲಿ ಅಪ್ಪ ಕಾರು ಕೊಳ್ಳಲು ಹೊರಟಾಗ ನಾವಿಬ್ಬರು ಅಣ್ಣತಮ್ಮಂದಿರೂ ಜತೆಗೆ ಹೋಗಿದ್ದೆವು. ನಾವು ನೋಡಿದ್ದು ಬಣ್ಣ, ಹಾಡಿನ ಪೆಟ್ಟಿಗೆ, ಕಿಟಕಿಯ ಗುಂಡಿ. ಅಪ್ಪ ಪಂಚೆಯನ್ನು ಮೇಲಕ್ಕೆ ಕಟ್ಟಿಕೊಂಡು ಕಾರಿನ ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು, ಅದರ ಹೊಟ್ಟೆಗೂ ನೆಲಕ್ಕೂ ನಡುವೆ ತಮ್ಮ ಅಂಗೈಯನ್ನು ಬಿಡಿಸಿ ಹಿಡಿದರು. ಅಂಗಡಿಯ ಹುಡುಗರು ಮುಖ ಮುಖ ನೋಡಿಕೊಂಡರು. ನಮಗೆ ನಾಚಿಕೆಯಾಯಿತು. ಅಪ್ಪ ಎದ್ದು ನಿಂತು, “ಗೇಣಿಗೆ ಮೂರು ಬೆರಳು ಕಡಿಮೆ. ಸಾಕು, ಕಣಿ ದಾಟುತ್ತದೆ” ಎಂದರು. ಕಂಪನಿಯ ಪುಸ್ತಕದಲ್ಲಿ ಅದೇ ಅಳತೆಯನ್ನು 170 ಮಿ.ಮೀ. ಎಂದು ಬರೆದಿತ್ತು. ಆ ಬಿಳಿಯ ಸ್ವಿಫ್ಟ್ ಕಾರು ಅಂದು ಸಂಜೆ ನಾವು ಐವರನ್ನು ಹೊತ್ತು, ಎಲ್ಲಿಯೂ ತಾಗದೆ ಕಣಿಯನ್ನು ದಾಟಿ ಅಂಗಳಕ್ಕೆ ಬಂದು ನಿಂತಿತು. ಅಮ್ಮ ಆರತಿ ಎತ್ತಿದಳು.

2018ರಲ್ಲಿ ಅಪ್ಪ ತೀರಿಕೊಂಡರು. ನಮ್ಮಲ್ಲಿ ಹಿರಿಯವನು ಶಾಲೆಯ ಮಾಷ್ಟ್ರು. ಕಿರಿಯವನಿಗೆ ಮಂಗಳೂರಿನಲ್ಲಿ ಕೆಲಸ. ಕಾರು ಇಬ್ಬರಿಗೂ ಸೇರಿದ್ದಾಯಿತು. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ಗಡಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣಿನ ರಾಶಿ ಬಿದ್ದ ದಿನಗಳು ಈ ಸಂಚಿಕೆಯನ್ನು ಓದುವ ಯಾರಿಗೂ ಮರೆತಿರಲಾರವು. ಆಸ್ಪತ್ರೆಗೂ ಅಂಗಡಿಗೂ ನೆಂಟರ ಮನೆಗೂ ಮಂಗಳೂರನ್ನೇ ನಂಬಿದ ನಾವು ಆಗ ಮನೆಯಂಗಳದಲ್ಲಿ ಕುಳಿತು ಕಾರನ್ನು ನೋಡುತ್ತಿದ್ದೆವು. ವಾರಕ್ಕೊಮ್ಮೆ ಬ್ಯಾಟರಿ ಸಾಯದಿರಲೆಂದು ಇಂಜಿನನ್ನು ಚಾಲೂ ಮಾಡಿ, ಮತ್ತೆ ನಿಲ್ಲಿಸುತ್ತಿದ್ದೆವು. ದಾರಿ ತೆರೆದ ಮೇಲೆ ನಮ್ಮೊಳಗೆ ಓಡಾಟದ ಹಸಿವೊಂದು ಹುಟ್ಟಿಕೊಂಡಿತ್ತು. ಅದರ ಜತೆಗೆ, ಈ ಹಳೆಯ ಕಾರು ಅಪ್ಪನದು, ನಮ್ಮದಲ್ಲ ಎಂಬ ಒಂದು ಅಸಮಾಧಾನವೂ ಇತ್ತು. ಹೊಸದನ್ನು ಕೊಳ್ಳುವ ಶಕ್ತಿಯಿರಲಿಲ್ಲ. ಇದ್ದುದನ್ನೇ ನಮ್ಮದನ್ನಾಗಿ ಮಾಡಿಕೊಳ್ಳೋಣ ಎಂದುಕೊಂಡೆವು.

ಕೇರಳದಲ್ಲಿ ವಾಹನವನ್ನು ಸಿಂಗರಿಸುವ ಹುಚ್ಚು ಹಳೆಯದು. ಬಣ್ಣ ಬಣ್ಣದ ಪ್ರವಾಸಿ ಬಸ್ಸುಗಳನ್ನು ನೋಡುತ್ತಲೇ ನಾವು ಬೆಳೆದವರು. ಕಾಸರಗೋಡಿನ ಬೀದಿಗಳಲ್ಲಿ, ಮಂಗಳೂರಿನ ಕಡಲತಡಿಯಲ್ಲಿ, ನೆಲಕ್ಕೆ ಅಂಟಿಕೊಂಡಂತೆ ಸಾಗುವ ಸಣ್ಣ ಕಾರುಗಳನ್ನೂ ಅವುಗಳ ಕಮಾನಿನ ತುಂಬ ತುಂಬಿಕೊಂಡ ಹೊಳೆಯುವ ಅಲಾಯ್ ಚಕ್ರಗಳನ್ನೂ ಕಂಡಾಗಲೆಲ್ಲ ನಮ್ಮ ಕಾರಿನ 14 ಇಂಚಿನ ಕಬ್ಬಿಣದ ಚಕ್ರಗಳು ಬಡವಾಗಿ ತೋರುತ್ತಿದ್ದವು. 2022ರ ಬೇಸಗೆಯಲ್ಲಿ ಒಂದೂವರೆ ಕ್ವಿಂಟಲ್ ಚಾಲಿ ಅಡಿಕೆ ಮಾರಿದ ಹಣವನ್ನು ಕೊಟ್ಟು, 16 ಇಂಚಿನ ನಾಲ್ಕು ಅಲಾಯ್ ಚಕ್ರಗಳನ್ನೂ ಅವುಗಳಿಗೆ ಅಗಲವಾದ ಟಯರುಗಳನ್ನೂ ಹಾಕಿಸಿಕೊಂಡು ಬಂದೆವು.

ಟಯರಿನ ಪಕ್ಕೆಯ ಮೇಲೆ ಬರೆದ ಅಂಕೆಗಳನ್ನು ಓದುವುದನ್ನು ನಾವು ಕಲಿತದ್ದು ಆ ಮೇಲೆ, ಮೊದಲೇ ಕಲಿಯಬೇಕಿತ್ತು. ನಮ್ಮ ಹಳೆಯ ಟಯರಿನ ಮೇಲೆ 165/80 ಆರ್ 14 ಎಂದಿತ್ತು. ಅಂದರೆ ಟಯರಿನ ಅಗಲ 165 ಮಿ.ಮೀ.; ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ 80 ಪಾಲು, ಎಂದರೆ 132 ಮಿ.ಮೀ.; ರಿಮ್ಮಿನ ವ್ಯಾಸ 14 ಇಂಚು. ರಿಮ್ಮಿಗೆ ಮೇಲೆ ಕೆಳಗೆ ಎರಡು ಪಕ್ಕೆಗಳನ್ನು ಕೂಡಿಸಿದರೆ ಇಡೀ ಚಕ್ರದ ವ್ಯಾಸ ಸುಮಾರು 620 ಮಿ.ಮೀ. ಆಗುತ್ತದೆ. ಅದೇ ಕಾರಿನ ದುಬಾರಿ ಮಾದರಿಗೆ ತಯಾರಕರು 15 ಇಂಚಿನ ರಿಮ್ಮನ್ನು ಕೊಟ್ಟಿದ್ದರು. ಆದರೆ ಅಲ್ಲಿ ಟಯರು 185/65. ಲೆಕ್ಕ ಹಾಕಿದರೆ ಇಡೀ ವ್ಯಾಸ 621 ಮಿ.ಮೀ. ಮಾತ್ರ. ರಿಮ್ಮು ದೊಡ್ಡದಾದಷ್ಟೂ ಪಕ್ಕೆಯನ್ನು ಕುಗ್ಗಿಸಿ ಒಟ್ಟು ಅಳತೆಯನ್ನು ಅವರು ಅಲ್ಲಿಗೇ ಹಿಡಿದಿಟ್ಟಿದ್ದರು. ಗಿಯರು, ಬ್ರೇಕು, ವೇಗದ ಮುಳ್ಳು, ಚಕ್ರ ತಿರುಗುವ ಜಾಗ ಎಲ್ಲವೂ ಆ ಒಂದು ವ್ಯಾಸವನ್ನು ನಂಬಿಕೊಂಡಿರುತ್ತವೆ ಎಂಬುದೇ ಅದರ ಕಾರಣ.

ನಾವು ಹಾಕಿಸಿದ್ದು 205/55 ಆರ್ 16. ವ್ಯಾಸ 632 ಮಿ.ಮೀ. ಕಾರು 6 ಮಿ.ಮೀ. ಮೇಲಕ್ಕೆ ಎದ್ದಿತು. ಓಡಿದ ದೂರವನ್ನು ಕಾರು 100 ಕಿ.ಮೀ. ಎಂದು ತೋರಿಸುವಾಗ ನಾವು 102 ಕಿ.ಮೀ. ಓಡಿರುತ್ತಿದ್ದೆವು. ಇವು ಸಣ್ಣ ಅಂತರಗಳೇ. ಆದರೆ ಪ್ರತಿ ಟಯರೂ ಹಳೆಯದಕ್ಕಿಂತ 40 ಮಿ.ಮೀ. ಹೆಚ್ಚು ಅಗಲವಾಗಿತ್ತು, ಅಲಾಯ್ ಎಂಬ ಹೆಸರಿದ್ದರೂ ಚಕ್ರಗಳು ಒಟ್ಟಿನಲ್ಲಿ ಹಳೆಯವಕ್ಕಿಂತ ಭಾರವಾಗಿದ್ದವು. ಅದೆಲ್ಲ ಆ ದಿನ ನಮ್ಮ ಕಣ್ಣಿಗೆ ಬೀಳಲಿಲ್ಲ. ಬಿದ್ದುದು ಬೇರೆಯೇ ಒಂದು ಸಂಗತಿ. ಚಕ್ರ ಹೊಳೆಯತೊಡಗಿದ ಮೇಲೆ, ಅದರ ಮೇಲಿನ ಕಮಾನಿಗೂ ಟಯರಿಗೂ ನಡುವೆ ಇದ್ದ ಖಾಲಿ ಜಾಗ ಎದ್ದು ಕಾಣತೊಡಗಿತು. ಒಂಬತ್ತು ವರ್ಷ ಆ ಜಾಗ ಅಲ್ಲಿಯೇ ಇತ್ತು. ಯಾರೂ ಅದನ್ನು ನೋಡಿರಲಿಲ್ಲ. ಈಗ ನಮಗೆ ಕಾರು ಪಂಚೆ ಎತ್ತಿ ಕಟ್ಟಿ ಕೆಸರಿನಲ್ಲಿ ನಿಂತವರಂತೆ ತೋರಿತು. ಅದನ್ನು ಇಳಿಸದೆ ಸಮಾಧಾನವಿಲ್ಲ ಎನಿಸಿತು.

ಕಾರನ್ನು ಇಳಿಸುವುದೆಂದರೆ ಅದರ ಸ್ಪ್ರಿಂಗುಗಳನ್ನು ಕುಗ್ಗಿಸುವುದು. ನಮ್ಮ ಕಾರಿಗೆ ಮುಂದೆ ಸ್ಟ್ರಟ್ಟುಗಳು, ಹಿಂದೆ ಎರಡು ಚಕ್ರಗಳನ್ನು ಜೋಡಿಸುವ ಒಂದು ತೊಲೆ. ನಾಲ್ಕು ಮೂಲೆಗಳಲ್ಲಿಯೂ ಸುರುಳಿ ಸ್ಪ್ರಿಂಗುಗಳು. ಮೊದಲು ಕೇಳಿದ ಗ್ಯಾರೇಜಿನವರು ಇರುವ ಸ್ಪ್ರಿಂಗಿನದೇ ಒಂದೊಂದು ಸುತ್ತನ್ನು ಕತ್ತರಿಸಿ ಕೊಡುತ್ತೇವೆ, ಅರ್ಧ ದಿನದ ಕೆಲಸ ಎಂದರು. ಅದನ್ನು ಒಪ್ಪದಿರುವಷ್ಟು ಬುದ್ಧಿ ನಮಗಿತ್ತು. ಕತ್ತರಿಸಿದ ಸುರುಳಿ ತನ್ನ ತಟ್ಟೆಯಲ್ಲಿ ಸರಿಯಾಗಿ ಕೂರುವುದಿಲ್ಲ. ಗುಂಡಿಯಲ್ಲಿ ಚಕ್ರ ಕೆಳಕ್ಕೆ ಜೋತುಬಿದ್ದ ಕ್ಷಣ ಅದು ಜಾರಿಕೊಳ್ಳಬಹುದು. ಹೀಗಾಗಿ ಇನ್ನೊಂದು ಕಡೆ 35 ಮಿ.ಮೀ. ಇಳಿಸುವ ಸಿದ್ಧ ಸ್ಪ್ರಿಂಗುಗಳನ್ನು ತರಿಸಿ ಹಾಕಿಸಿದೆವು. ಬಿಚ್ಚಿದ ಹಳೆಯ ನಾಲ್ಕು ಸ್ಪ್ರಿಂಗುಗಳನ್ನು ಗೋಣಿಯಲ್ಲಿ ಸುತ್ತಿ ಮನೆಗೆ ತಂದು, ಹಳೆಯ ಚಕ್ರಗಳೊಂದಿಗೆ ಕೊಟ್ಟಿಗೆಯ ಮೂಲೆಗೆ ಎಸೆದೆವು.

ಆ ದಿನಗಳ ಸಂತೋಷವನ್ನು ಇಲ್ಲಿ ಮರೆಮಾಚಿದರೆ ಸುಳ್ಳಾಗುತ್ತದೆ. ಕಾರು ಚೆಂದವಾಗಿತ್ತು. ನುಣ್ಣನೆಯ ರಸ್ತೆಯಲ್ಲಿ ತಿರುವು ಬಂದಾಗ ಅದು ಮೊದಲಿನಂತೆ ಓಲಾಡದೆ ನೆಲವನ್ನು ಕಚ್ಚಿಕೊಂಡು ಸಾಗುತ್ತಿತ್ತು. ಸ್ಟಿಯರಿಂಗನ್ನು ಹಿಡಿದ ಕೈಗೆ ರಸ್ತೆಯ ಒಂದೊಂದು ಗೆರೆಯೂ ತಿಳಿಯುತ್ತಿತ್ತು. ಪೆಟ್ರೋಲ್ ಬಂಕಿನಲ್ಲಿ ಹುಡುಗರು ಸುತ್ತು ಹಾಕಿ ನೋಡುತ್ತಿದ್ದರು. ರಾಷ್ಟ್ರೀಯ ಹೆದ್ದಾರಿ 66ರ ಷಟ್ಪಥ ಕಾಮಗಾರಿ ಆಗ ನಡೆಯುತ್ತಿತ್ತು. ಅಲ್ಲಲ್ಲಿ ಮುಗಿದ ತುಂಡುಗಳ ಮೇಲೆ ಕಾರು ಓಡುವಾಗ, ಬರಲಿರುವ ಕಾಲಕ್ಕೆ ನಾವು ಮೊದಲೇ ಸಿದ್ಧರಾಗಿದ್ದೇವೆ ಎಂಬ ಹೆಮ್ಮೆ ನಮಗಿತ್ತು.

ತೊಂದರೆಗಳು ಒಂದೊಂದಾಗಿ ಬಂದವು, ಒಂದರ ಬಾಲ ಹಿಡಿದು ಇನ್ನೊಂದು. ಇಬ್ಬರೇ ಕುಳಿತಾಗ ಸುಮ್ಮನಿರುತ್ತಿದ್ದ ಕಾರು, ಹಿಂದಿನ ಸೀಟು ತುಂಬಿದೊಡನೆ ಪ್ರತಿ ಹಂಪಿನಲ್ಲಿಯೂ ಕರ್ರೆಂದು ಕೂಗತೊಡಗಿತು. ಅಗಲವಾದ ಟಯರು ಕಮಾನಿನ ಅಂಚಿಗೆ ಉಜ್ಜುತ್ತಿತ್ತು. ಸ್ಪ್ರಿಂಗು ಕುಗ್ಗಿದಾಗ ಚಕ್ರ ಮೇಲೆದ್ದು ಬರಲು ಉಳಿಯುವ ಜಾಗ ಕಡಿಮೆಯಾಗುತ್ತದೆ. ಆ ಜಾಗ ಮುಗಿದ ಮೇಲೆ ಶಾಕ್ ಅಬ್ಸಾರ್ಬರಿನ ಮೇಲಿನ ರಬ್ಬರು ತುಂಡಿಗೆ ನೇರವಾಗಿ ಪೆಟ್ಟು ಬೀಳುತ್ತದೆ. ಆ ಪೆಟ್ಟು ಹಿಂದೆ ಕುಳಿತವರ ಬೆನ್ನಿಗೆ. ಉಜ್ಜುವುದನ್ನು ತಪ್ಪಿಸಲು ಕಮಾನಿನ ಒಳ ಅಂಚನ್ನು ಬಡಿದು ಮಡಚಿಸಿದೆವು. ಬಡಿದಲ್ಲಿ ಬಣ್ಣ ಬಿರಿದು, ಮಳೆಗಾಲಕ್ಕೆ ತುಕ್ಕು ಹಿಡಿಯಿತು.

ಆಮೇಲೆ ಟಯರಿನ ಸರದಿ. ಕಾರು ಇಳಿದಾಗ ಮುಂದಿನ ಚಕ್ರಗಳ ನೆಟ್ಟನೆಯ ನಿಲುವು ಬದಲಾಗಿ ತಲೆ ಒಳಕ್ಕೆ ವಾಲುತ್ತದೆ; ಎರಡೂ ಚಕ್ರಗಳು ಮುಂದಕ್ಕೆ ನೋಡುವ ದಿಕ್ಕೂ ಕೂದಲೆಳೆಯಷ್ಟು ತಪ್ಪುತ್ತದೆ. ಸ್ಪ್ರಿಂಗು ಬದಲಿಸಿದ ದಿನವೇ ಅಲೈನ್‌ಮೆಂಟ್ ಮಾಡಿಸಬೇಕಿತ್ತು. ನಾವು ಮಾಡಿಸಿದ್ದು ಐದು ತಿಂಗಳ ಮೇಲೆ. ಅಷ್ಟರಲ್ಲಿ ಹೊರಗಿನಿಂದ ಹೊಸದಾಗಿಯೇ ಕಾಣುತ್ತಿದ್ದ ಟಯರುಗಳ ಒಳ ಅಂಚು ಸವೆದು ನುಣ್ಣಗಾಗಿತ್ತು. ಚೆರ್ಕಳ–ಕಲ್ಲಡ್ಕ ರಸ್ತೆಯ ಒಂದು ಗುಂಡಿಯಲ್ಲಿ ಎಡಗಡೆಯ ರಿಮ್ಮು ಬಾಗಿತು. ಹಳೆಯ ಟಯರಿನ ಪಕ್ಕೆ 132 ಮಿ.ಮೀ. ಎತ್ತರದ ದಿಂಬಿನಂತೆ ಇಂತಹ ಪೆಟ್ಟುಗಳನ್ನು ನುಂಗುತ್ತಿತ್ತು. ಹೊಸದರ ಪಕ್ಕೆ 113 ಮಿ.ಮೀ. ಮಾತ್ರ. ಒಂದನ್ನು ಸರಿಪಡಿಸಲು ಇನ್ನೊಂದು, ಅದನ್ನು ಸರಿಪಡಿಸಲು ಮತ್ತೊಂದು. ಕಾರಿನ ಅಳತೆಗಳು ಕೂಡು ಕುಟುಂಬದಂತೆ; ಒಬ್ಬನನ್ನು ಎಬ್ಬಿಸಿ ಬೇರೆ ಕಡೆ ಕೂರಿಸಿದರೆ ಪಂಕ್ತಿಯೆಲ್ಲ ಸರಿಯಬೇಕಾಗುತ್ತದೆ.

ಒಂದು ದಿನ ಕುಂಬಳೆಯ ಬಳಿ ವಾಹನ ಇಲಾಖೆಯವರು ನಮ್ಮನ್ನು ನಿಲ್ಲಿಸಿದರು. ಗದರಿಸಲಿಲ್ಲ. ಚಕ್ರಗಳನ್ನೂ ಕಾರಿನ ಎತ್ತರವನ್ನೂ ನೋಡಿ, ಇದನ್ನು ಮೊದಲಿನಂತೆ ಮಾಡಿಕೊಳ್ಳಿ, ಮುಂದಿನ ಸಲ ಬಿಡುವುದಿಲ್ಲ ಎಂದರು. ಮಾಷ್ಟ್ರ ಮುಖ ಕೆಂಪಾಯಿತು. ಮನೆಗೆ ಬಂದ ಮೇಲೆ ಕಾನೂನನ್ನು ಓದಿದೆವು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಹೇಳಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ಒಡೆಯನು ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿ 9ರಂದು ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿದು ತೀರ್ಪಿತ್ತಿತ್ತು. ಆ ಮೊಕದ್ದಮೆ ಹೋದದ್ದೇ ನಮ್ಮ ಕೇರಳದ ಉಚ್ಚ ನ್ಯಾಯಾಲಯದಿಂದ. ಅದೇ ವರ್ಷದ ತಿದ್ದುಪಡಿಯಲ್ಲಿ ಇಂತಹ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡಕ್ಕೆ ಅವಕಾಶವಿದೆ. ಅಪಘಾತವಾದರೆ, ತಿಳಿಸದೆ ಮಾಡಿದ ಬದಲಾವಣೆಯ ಕಾರಣಕ್ಕೆ ವಿಮೆಯವರೂ ತಕರಾರು ತೆಗೆಯಬಹುದು. ಇಷ್ಟೆಲ್ಲ ತಿಳಿದ ಮೇಲೂ ನಾವು ಮಾಡಿದ್ದು ಒಂದೇ. ಕುಂಬಳೆಯ ದಾರಿಯನ್ನು ಬಿಟ್ಟು ಬೇರೆ ದಾರಿಯಲ್ಲಿ ಓಡಾಡತೊಡಗಿದ್ದು.

ನಿಜವಾದ ಸಂಗತಿಗೆ ಈಗ ಬರಬೇಕು. ಬರೆಯಲು ಕಷ್ಟವಾಗುವುದೂ ಇದೇ.

ಸ್ಪ್ರಿಂಗು ಹಾಕಿಸಿಕೊಂಡು ಬಂದ ಮೊದಲ ಸಂಜೆಯೇ ಕಣಿಯ ಚಪ್ಪಡಿಯ ಮೇಲೆ ಕಾರಿನ ಹೊಟ್ಟೆ ಉಜ್ಜಿತು. 35ರಲ್ಲಿ ಟಯರು ಎತ್ತಿದ 6ನ್ನು ಕಳೆದರೆ 29 ಮಿ.ಮೀ.; ಅಪ್ಪನ ಅಳತೆಯಲ್ಲಿ ಹೇಳುವುದಾದರೆ ಒಂದೂವರೆ ಬೆರಳು. ಮೂರು ಬೆರಳು ಕಡಿಮೆಯಿದ್ದ ಗೇಣು ನಾಲ್ಕೂವರೆ ಬೆರಳು ಕಡಿಮೆಯಾಗಿತ್ತು. ಓಡಿಸುವವನೊಬ್ಬನೇ ಇದ್ದು, ಓರೆಯಾಗಿ ನಿಧಾನಕ್ಕೆ ಹತ್ತಿಸಿದರೆ ಹೇಗೋ ದಾಟುತ್ತಿತ್ತು. ಇನ್ನಿಬ್ಬರು ಕುಳಿತರೆ ಆಯಿಲ್ ಚೇಂಬರಿನ ಬುಡ ಕಾಂಕ್ರೀಟಿಗೆ ತಾಗುವ ಸದ್ದು ಎದೆಯನ್ನೇ ಕೆರೆದಂತಾಗುತ್ತಿತ್ತು. ಆಚೀಚೆ ಹಲಗೆಗಳನ್ನು ಇಟ್ಟು ನೋಡಿದೆವು, ಮಳೆಗೆ ಜಾರಿದವು. ಕೊನೆಗೆ ಕಾರನ್ನು ಕೆಳಗೆ, ಡಾಂಬರು ರಸ್ತೆಯ ಬದಿಯಲ್ಲಿ ನಿಲ್ಲಿಸುವ ರೂಢಿಯಾಯಿತು. ಇನ್ನೂರು ಹೆಜ್ಜೆ ತಾನೆ? ನಮ್ಮಿಬ್ಬರಿಗೆ ಅದೊಂದು ದೂರವೇ ಅಲ್ಲ.

ಅಮ್ಮನಿಗೆ ಆಗ 68 ವರ್ಷ. ಮೊಣಕಾಲಿನ ನೋವು. ರಕ್ತದೊತ್ತಡಕ್ಕೆಂದು ತಿಂಗಳಿಗೊಮ್ಮೆ ವೈದ್ಯರಲ್ಲಿಗೆ ಹೋಗಬೇಕು. ಮದುವೆ, ಗೃಹಪ್ರವೇಶ, ದೇವಸ್ಥಾನದ ಜಾತ್ರೆ ಎಂದರೆ ಬಿಡುವವಳಲ್ಲ. ಅಂಗಳದಲ್ಲಿ ಕಾರು ಹತ್ತಿ ಅಂಗಳದಲ್ಲಿಯೇ ಇಳಿಯುತ್ತಿದ್ದವಳು ಈಗ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ, ಕೊಡೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಚಡವನ್ನು ಇಳಿದು ಬರುತ್ತಿದ್ದಳು. ಒಮ್ಮೆಯೂ ಏಕೆ ಎಂದು ಕೇಳಲಿಲ್ಲ. “ನಡೆದರೆ ಕಾಲಿಗೆ ಒಳ್ಳೆಯದು ಮಕ್ಕಳೇ, ಡಾಕ್ಟ್ರೂ ಅದನ್ನೇ ಹೇಳಿದ್ದಾರೆ” ಎಂದಳು. ನಾವು ಅದನ್ನು ನಂಬಿದೆವು. ನಂಬುವುದು ನಮಗೆ ಅನುಕೂಲವಾಗಿತ್ತು. ಮುಂದಿನ ಬೇಸಗೆಯ ಹೊತ್ತಿಗೆ ಅಮ್ಮ ಮದುವೆಗಳಿಗೆ ಬರುವುದನ್ನು ಕಡಿಮೆ ಮಾಡಿದಳು. ವಯಸ್ಸಾಯಿತು ಎಂದುಕೊಂಡೆವು. ಕಾರಿನ ಎತ್ತರಕ್ಕೂ ಅಮ್ಮ ಮನೆಯಲ್ಲಿಯೇ ಉಳಿಯುವುದಕ್ಕೂ ಸಂಬಂಧವಿರಬಹುದೆಂದು ನಮಗಿಬ್ಬರಿಗೂ ಹೊಳೆಯಲಿಲ್ಲ.

2023ರ ಆಟಿ ತಿಂಗಳು. ನಾಲ್ಕು ದಿನ ಬಿಡದೆ ಸುರಿದ ಮಳೆಗೆ ಮುರಕಲ್ಲಿನ ಮೇಲೆ ಹಾವಸೆ ಕಟ್ಟಿತ್ತು. ವೈದ್ಯರಲ್ಲಿಗೆ ಹೋಗುವ ದಿನ. ನಾವು ಕೆಳಗೆ ಕಾರಿನಲ್ಲಿ ಕುಳಿತು, ಗಾಜು ಏರಿಸಿಕೊಂಡು ಅಮ್ಮನಿಗಾಗಿ ಕಾಯುತ್ತಿದ್ದೆವು. ಹತ್ತು ನಿಮಿಷವಾಯಿತು, ಹದಿನೈದಾಯಿತು. ಹಾರ್ನ್ ಹೊಡೆದೆವು. ಆ ಹಾರ್ನಿನ ಸದ್ದು ಇಂದಿಗೂ ನಮ್ಮ ಕಿವಿಯಲ್ಲಿದೆ. ಕೊನೆಗೆ ಹತ್ತಿ ಹೋಗಿ ನೋಡಿದಾಗ ಅಮ್ಮ ಕಣಿಯ ಈಚೆ, ದಾರಿಯ ಅಂಚಿನ ಕಲ್ಲಿಗೆ ಒರಗಿ ಕುಳಿತಿದ್ದಳು. ಕೊಡೆ ಕಣಿಯಲ್ಲಿ ತೇಲಿ ಹೋಗಿತ್ತು. ಬಲಗೈಯ ಮಣಿಕಟ್ಟು ಬಾತುಕೊಂಡು ಸೊಟ್ಟಗಾಗಿತ್ತು. “ಹಾರ್ನ್ ಕೇಳಿಸಿತು. ಏಳಲಿಕ್ಕೆ ಆಗಲಿಲ್ಲ” ಎಂದಳು, ತಡವಾದದ್ದಕ್ಕೆ ತಾನೇ ತಪ್ಪಿತಸ್ಥೆ ಎನ್ನುವಂತೆ.

ಮೊಣಕಾಲಿಗೂ ಪೆಟ್ಟಾಗಿತ್ತು, ನಡೆಸಿಕೊಂಡು ಇಳಿಸುವಂತಿರಲಿಲ್ಲ. ಕಾರನ್ನು ಮೇಲಕ್ಕೆ ತರಲು ಒಬ್ಬರು ಓಡಿದೆವು. ಹಾವಸೆಯ ಮೇಲೆ ಓರೆಯಾಗಿ ಹತ್ತಿಸುವುದು ಸಾಧ್ಯವಾಗಲಿಲ್ಲ. ಅಗಲವಾದ ಟಯರುಗಳ ಸವೆದ ಒಳ ಅಂಚು ಹಿಡಿತವಿಲ್ಲದೆ ಜಾರಿತು. ಪಕ್ಕದ ಮನೆಯ ರಿಕ್ಷಾದವರಿಗೆ ಫೋನು ಮಾಡಿದೆವು. ಅವರು ಐದು ನಿಮಿಷದಲ್ಲಿ ಬಂದು, ನಮ್ಮ ಕಾರಿನ ಪಕ್ಕದಲ್ಲಿಯೇ ಹಾದು, ಮೂರು ಚಕ್ರದ ಆ ರಿಕ್ಷಾವನ್ನು ಚಡವಿನ ಮೇಲೆ ಏರಿಸಿ ಅಮ್ಮನ ಎದುರಿಗೆ ನಿಲ್ಲಿಸಿದರು. ಅಮ್ಮನನ್ನು ಎತ್ತಿ ಕೂರಿಸುವಾಗ ಅವರು ಹೇಳಿದ್ದು ಒಂದೇ ಮಾತು: “ಮಾಷ್ಟ್ರೇ, ನಿಮ್ಮ ಅಪ್ಪ ಇರುವಾಗ ಆ ಕಾರು ಮೇಲೆ ಬರುತ್ತಿತ್ತಲ್ಲ?” ಅದರಲ್ಲಿ ಕುಹಕವಿರಲಿಲ್ಲ. ಕೇಳಿದ್ದು ನಿಜವಾಗಿಯೂ ತಿಳಿದುಕೊಳ್ಳಲು. ನಾವು ಉತ್ತರ ಕೊಡಲಿಲ್ಲ. ರಿಕ್ಷಾ ಮುಂದೆ, ಹೊಳೆಯುವ ಚಕ್ರಗಳ ನಮ್ಮ ಕಾರು ಅದರ ಹಿಂದೆ; ಹೀಗೆ ಆಸ್ಪತ್ರೆಗೆ ಹೋದೆವು.

ಮಣಿಕಟ್ಟಿನ ಮೂಳೆ ಮುರಿದಿತ್ತು. ಆರು ವಾರ ಕೈಗೆ ಪ್ಲಾಸ್ಟರು. ಆ ಆರು ವಾರಗಳಲ್ಲಿ ಅಡುಗೆ, ದನ, ಹಟ್ಟಿ ಎಲ್ಲವನ್ನೂ ನಾವೂ ಮನೆಯ ಹೆಣ್ಣುಮಕ್ಕಳೂ ಹಂಚಿಕೊಂಡೆವು. ಅಮ್ಮನ ಅನ್ನವನ್ನು ಕಲಸಿ ಕೊಡಬೇಕಾಗಿತ್ತು. ಒಂದು ದಿನ ಊಟಕ್ಕೆ ಕುಳಿತಾಗ ಹಿರಿಯವನ ಮಗಳು ಅಜ್ಜಿಯನ್ನು ಕೇಳಿದಳು: “ಅಜ್ಜಿ, ನೀವು ಮೊದಲೂ ಬಿದ್ದಿದ್ದಿರಲ್ಲ, ಅದನ್ನೂ ಅಪ್ಪನಿಗೆ ಹೇಳಿದ್ದೀರಾ?” ಅಮ್ಮ ಮಗುವನ್ನು ಕಣ್ಣಿನಲ್ಲಿಯೇ ಸುಮ್ಮನಿರಿಸಲು ನೋಡಿದಳು. ಮೊದಲು ಎರಡು ಸಲ ಜಾರಿದ್ದಳಂತೆ, ಪೆಟ್ಟಾಗಿರಲಿಲ್ಲವಂತೆ. “ನಿಮಗೆ ಆ ಕಾರಿನ ಮೇಲೆ ಅಷ್ಟು ಆಸೆ. ಹೇಳಿ ಏಕೆ ಬೇಸರ ಮಾಡುವುದು?” ಎಂದಳು.

ಆ ರಾತ್ರಿ ನಾವಿಬ್ಬರೂ ಟಾರ್ಚು ಹಿಡಿದು ಕಣಿಯ ಬಳಿಗೆ ಹೋದೆವು. ಮಳೆ ನಿಂತಿತ್ತು. ಚಪ್ಪಡಿಯ ಬೆನ್ನಿನ ಮೇಲೆ ನಮ್ಮ ಕಾರು ಗೀಚಿದ ಗೆರೆಗಳಿದ್ದವು. ಅಂಗೈ ಬಿಡಿಸಿ ಚಪ್ಪಡಿಯ ಉಬ್ಬನ್ನು ಅಳೆದೆವು. ಅಪ್ಪ ಅಂದು ಅಂಗಡಿಯಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಅಳೆದದ್ದು ಕಾರನ್ನಲ್ಲ, ಈ ಜಾಗವನ್ನು. ನೀರಿಗೆ ಎಷ್ಟು ಬಿಡಬೇಕು, ದಾರಿ ಎಷ್ಟು ಏರಬೇಕು, ಅಂಗಳಕ್ಕೆ ಎಷ್ಟು ಮಂದಿ ಕುಳಿತು ಬರಬೇಕು ಎಂಬುದೆಲ್ಲ ಅವರ ಆ ಮೂರು ಬೆರಳಿನಲ್ಲಿ ಇತ್ತು. ಹೆದ್ದಾರಿಯ ನುಣುಪಿಗೆಂದು ನಾವು ಅದರಿಂದ ಒಂದೂವರೆ ಬೆರಳನ್ನು ತೆಗೆದಿದ್ದೆವು. ತಿಂಗಳಿಗೆ ಎರಡು ಸಲ ಹೋಗುವ ರಸ್ತೆಗಾಗಿ ದಿನವೂ ಬರಬೇಕಾದ ದಾರಿಯನ್ನು ಕಳೆದುಕೊಂಡಿದ್ದೆವು. ಚಪ್ಪಡಿಯನ್ನು ಒಡೆದು ತಗ್ಗಿಸಿದರೆ ಹೇಗೆ ಎಂಬ ಮಾತು ನಮ್ಮಲ್ಲಿ ಒಬ್ಬನ ಬಾಯಿಗೆ ಬಂದಿತ್ತು; ಕಣಿಯ ನೀರಿನ ಸದ್ದು ಕೇಳಿ ಅಲ್ಲಿಯೇ ನಿಂತಿತು.

ಮರುದಿನ ಹಳೆಯ ಸ್ಪ್ರಿಂಗುಗಳನ್ನು ಹುಡುಕಿಕೊಂಡು ಕೊಟ್ಟಿಗೆಗೆ ಹೋದೆವು. ಎರಡು ಮಳೆಗಾಲ ಕಳೆದ ಕಬ್ಬಿಣ ಏನಾಗಿದೆಯೋ ಎಂಬ ಅಳುಕಿತ್ತು. ಎಸೆದ ಮೂಲೆಯಲ್ಲಿ ಅವು ಇರಲಿಲ್ಲ. ಅಮ್ಮನನ್ನು ಕೇಳಿದರೆ, ಅಟ್ಟದ ಮೇಲೆ, ಅಡಿಕೆ ಮೂಟೆಗಳ ಹಿಂದೆ ಎಂದಳು. ನಾಲ್ಕನ್ನೂ ಒರಸಿ, ಕತ್ತಿಗೆ ಹಚ್ಚುವಂತೆ ತೆಂಗಿನೆಣ್ಣೆ ಹಚ್ಚಿ, ಹಳೆಯ ಸೀರೆಯ ತುಂಡಿನಲ್ಲಿ ಬೇರೆ ಬೇರೆಯಾಗಿ ಸುತ್ತಿ ಇಟ್ಟಿದ್ದಳು. ಒಂದರಲ್ಲಿಯೂ ತುಕ್ಕಿನ ಚುಕ್ಕೆಯಿರಲಿಲ್ಲ. “ಅಪ್ಪನ ಕಾರಿನದು. ಎಂದಾದರೂ ಬೇಕಾದೀತು ಎಂದು ಇಟ್ಟೆ” ಎಂದಳು. ಪ್ಲಾಸ್ಟರು ಹಾಕಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಅವಳು ಅದನ್ನು ಹೇಳುವಾಗ ನಾವು ಅವಳ ಮುಖವನ್ನು ನೋಡಲಾರದೆ ಹೋದೆವು.

ಸ್ಪ್ರಿಂಗುಗಳನ್ನು ಒಬ್ಬ ಹಿರಿಯ ಮೆಕ್ಯಾನಿಕ್ಕರಿಗೆ ತೋರಿಸಿದೆವು. ಬಿರುಕಿಲ್ಲ, ಕುಸಿದಿಲ್ಲ, ಹಾಕಬಹುದು ಎಂದರು. ಪೆಟ್ಟು ತಿಂದು ತಿಂದು ಎಣ್ಣೆ ಸೋರುತ್ತಿದ್ದ ಎರಡು ಶಾಕ್ ಅಬ್ಸಾರ್ಬರುಗಳನ್ನೂ ಚೂರಾಗಿದ್ದ ರಬ್ಬರುಗಳನ್ನೂ ಬದಲಿಸಬೇಕಾಯಿತು. ಹಳೆಯ 14 ಇಂಚಿನ ರಿಮ್ಮುಗಳಿಗೆ ಬಣ್ಣ ಹೊಡೆಸಿದೆವು. ಹಳೆಯ ಟಯರುಗಳನ್ನು ಮಾತ್ರ ಅವರು ಬೇಡವೆಂದರು. ಟಯರಿನ ಪಕ್ಕೆಯ ಮೇಲೆ ನಾಲ್ಕು ಅಂಕೆಗಳ ಒಂದು ಗುರುತು ಇರುತ್ತದೆ. ಮೊದಲ ಎರಡು ವಾರವನ್ನೂ ಕೊನೆಯ ಎರಡು ವರ್ಷವನ್ನೂ ಹೇಳುತ್ತವೆ. ನಮ್ಮದರಲ್ಲಿ 2216 ಎಂದಿತ್ತು. 2016ರ 22ನೆಯ ವಾರದಲ್ಲಿ ತಯಾರಾದದ್ದು. ಗೆರೆಗಳು ಉಳಿದಿದ್ದರೂ ರಬ್ಬರು ಗಡುಸಾಗಿ ಸಣ್ಣಗೆ ಬಿರಿದಿತ್ತು. ಅದೇ ಅಳತೆಯ ಹೊಸ ಟಯರುಗಳನ್ನು ಹಾಕಿಸಿ, ಈ ಸಲ ಅದೇ ದಿನ ಅಲೈನ್‌ಮೆಂಟ್ ಮಾಡಿಸಿ, ದೀಪಗಳ ಬೆಳಕು ಬೀಳುವ ಎತ್ತರವನ್ನೂ ಸರಿಮಾಡಿಸಿಕೊಂಡು ಬಂದೆವು. ಅಲಾಯ್ ಚಕ್ರಗಳನ್ನು ಕೊಂಡ ಬೆಲೆಯ ಮೂರನೆಯ ಒಂದು ಪಾಲಿಗೆ ಮಾರಿದೆವು. ಬಾಗಿದ ಚಕ್ರವನ್ನು ಯಾರೂ ಕೇಳಲಿಲ್ಲ. ಅದು ಈಗ ಕೊಟ್ಟಿಗೆಯಲ್ಲಿ ಹಗ್ಗ ಸುತ್ತಿಡಲು ಉಪಯೋಗವಾಗುತ್ತಿದೆ.

ನಮ್ಮ ಸಂಘದ ಮನೆಗಳ ಮಕ್ಕಳೂ ಈ ಆಸೆಯಿಂದ ಹೊರತಲ್ಲ. ಅದನ್ನು ಹಳಿಯುವ ಅಧಿಕಾರ ನಮಗಿಲ್ಲ. ಚೆಂದವನ್ನು ಬಯಸುವುದು ತಪ್ಪೂ ಅಲ್ಲ. ಅಪ್ಪನೂ ಗುಡ್ಡೆಯನ್ನು ಇದ್ದಂತೆ ಬಿಟ್ಟವರಲ್ಲ. ಕಡಿದು ದಾರಿ ಮಾಡಿದವರು. ಆದರೆ ಕಡಿಯುವ ಮೊದಲು ನೀರು ಹರಿಯುವ ಜಾಗವನ್ನು ಒಂದು ಮಳೆಗಾಲವಿಡೀ ನಿಂತು ನೋಡಿದ್ದರು. ಮಕ್ಕಳು ಕೇಳಿದರೆ ನಾವು ಹೇಳುವುದು ಇಷ್ಟೆ: ಚಕ್ರ ದೊಡ್ಡದು ಬೇಕೆನಿಸಿದರೆ ಅದೇ ಕಾರಿನ ಬೇರೆ ಮಾದರಿಗೆ ತಯಾರಕರೇ ಕೊಟ್ಟ ಅಳತೆಯನ್ನು ಮೊದಲು ನೋಡಿ, ಟಯರಿನ ಒಟ್ಟು ವ್ಯಾಸವನ್ನು ಮೀರಬೇಡಿ, ಸ್ಪ್ರಿಂಗಿಗೆ ಕೈ ಹಾಕಬೇಡಿ. ಕಾರಿನ ಎತ್ತರವನ್ನು ಒಬ್ಬರೇ ಕುಳಿತು ಅಳೆಯಬೇಡಿ. ಮನೆಯವರೆಲ್ಲರನ್ನೂ ಕೂರಿಸಿ, ಮನೆಯ ದಾರಿಯಲ್ಲಿಯೇ ಅಳೆಯಿರಿ.

ಪ್ಲಾಸ್ಟರು ಬಿಚ್ಚಿಸಲು ಅಮ್ಮನನ್ನು ಅಂಗಳದಿಂದಲೇ ಕಾರಿಗೆ ಹತ್ತಿಸಿಕೊಂಡು ಹೋದೆವು. ಮರಳುವಾಗ ಸಂಜೆಯಾಗಿತ್ತು, ಸಣ್ಣಗೆ ಹನಿಯುತ್ತಿತ್ತು. ಕಾರಿನಲ್ಲಿ ನಾವು ಐವರಿದ್ದೆವು. ಡಾಂಬರು ರಸ್ತೆಯಿಂದ ತಿರುಗಿ ಚಡವಿನ ಬುಡಕ್ಕೆ ಬಂದಾಗ ಅಮ್ಮ ಎಡಗೈಯಿಂದ ಸೆರಗನ್ನು ಸರಿಪಡಿಸಿಕೊಂಡು, ಕೊಡೆಯನ್ನು ತೆಗೆದುಕೊಂಡು, ಬಾಗಿಲಿನ ಹಿಡಿಗೆ ಕೈ ಹಾಕಿದಳು.

“ಇಲ್ಲೇ ಇಳಿಯುವುದಾ?” ಎಂದಳು.

“ಬೇಡ ಅಮ್ಮ, ಕೂತಿರು” ಎಂದೆವು.

ಕಾರು ಕಣಿಯ ಮೇಲೆ ಹತ್ತಿತು. ನಾವೆಲ್ಲರೂ ಉಸಿರು ಬಿಗಿ ಹಿಡಿದು ಕಿವಿಗೊಟ್ಟೆವು. ಎಲ್ಲಿಯೂ ತಾಗಲಿಲ್ಲ. ಕೆಳಗೆ ನೀರು ಹರಿಯುವ ಸದ್ದಷ್ಟೇ ಕೇಳಿಸಿತು.